ಒಂದು ಕಾಡು, ಹಲವು ಶಾಸ್ತ್ರಗಳು: ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಪ್ರದೇಶದ ಅಧ್ಯಯನ ಪರಂಪರೆ

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಭಾಗದಲ್ಲಿರುವ ದಾಂಡೇಲಿ, ಹಳಿಯಾಳ, ಜೋಯಿಡಾ ಮತ್ತು ಮುಂಡಗೋಡ ತಾಲ್ಲೂಕುಗಳು ಮಲೆನಾಡು ಬಯಲುಸೀಮೆಯನ್ನು ಸಂಧಿಸುವ ಪ್ರದೇಶಗಳು. ಪಶ್ಚಿಮದಲ್ಲಿ ಜೋಯಿಡಾ ಗೋವೆಗೆ ತಾಗಿದರೆ, ಪೂರ್ವದಲ್ಲಿ ಮುಂಡಗೋಡ ಧಾರವಾಡ ಸೀಮೆಯ ಬಯಲಿಗೆ ತೆರೆದುಕೊಂಡಿದೆ. ಬಹುಕಾಲ ಹಳಿಯಾಳ ತಾಲ್ಲೂಕಿನೊಳಗಿದ್ದ ದಾಂಡೇಲಿ ಈಗ ಪ್ರತ್ಯೇಕ ತಾಲ್ಲೂಕಾಗಿದೆ. ಸಿದ್ದಿ, ಕುಣಬಿ, ಗೌಳಿ, ಮರಾಠಾ ಮೊದಲಾದ ಸಮುದಾಯಗಳೂ 1966ರಿಂದ ಟಿಬೆಟನ್ನರೂ ಇಲ್ಲಿ ನೆಲೆಸಿದ್ದಾರೆ. ಕನ್ನಡ, ಕೊಂಕಣಿ, ಮರಾಠಿ, ಉರ್ದು, ಟಿಬೆಟನ್ ಭಾಷೆಗಳು ಒಂದೇ ವಾರದ ಸಂತೆಯಲ್ಲಿ ಕೇಳಿಬರುವ ಪ್ರದೇಶವಿದು.

ಇಷ್ಟು ಸಣ್ಣ ಭೂಭಾಗವನ್ನು ಕುರಿತು ನಡೆದಿರುವ ಅಧ್ಯಯನಗಳ ವೈವಿಧ್ಯ ಗಮನಾರ್ಹವಾದುದು. ಅರಣ್ಯಶಾಸ್ತ್ರ, ಪರಿಸರ ವಿಜ್ಞಾನ, ಭೂವಿಜ್ಞಾನ, ಜಲವಿದ್ಯುತ್ ತಂತ್ರಜ್ಞಾನ, ಮಾನವಶಾಸ್ತ್ರ, ತಳಿವಿಜ್ಞಾನ, ಕಲಾ ಇತಿಹಾಸ, ಬೌದ್ಧ ತತ್ತ್ವಶಾಸ್ತ್ರ, ಜಾನಪದ ಇವೆಲ್ಲವೂ ತಮ್ಮ ತಮ್ಮ ಪ್ರಶ್ನೆಗಳನ್ನು ಹೊತ್ತು ಇಲ್ಲಿಗೆ ಬಂದಿವೆ. ಒಂದು ಶಿಸ್ತಿನ ವಿದ್ವಾಂಸರು ಇನ್ನೊಂದು ಶಿಸ್ತಿನ ಬರಹವನ್ನು ಓದಿದ ನಿದರ್ಶನಗಳು ಮಾತ್ರ ವಿರಳ. ಈ ಪರಸ್ಪರ ಅಪರಿಚಿತತೆ ಕೇವಲ ವಿದ್ವತ್ತಿನ ಕೊರತೆಯಾಗಿ ಉಳಿದಿಲ್ಲ. ಕಾಡಿನ ಜನರ ಭೂಮಿ ಮತ್ತು ಬದುಕಿನ ಮೇಲೂ ಅದರ ಪರಿಣಾಮವಾಗಿದೆ. ಅದನ್ನು ಐತಿಹಾಸಿಕವಾಗಿ ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ವಸಾಹತು ಕಾಲದ ದಾಖಲಾತಿ

ಟಿಪ್ಪುವಿನ ಪತನದ ನಂತರ ಕಂಪನಿ ಸರ್ಕಾರದ ಆದೇಶದ ಮೇರೆಗೆ ಪ್ರವಾಸ ಕೈಗೊಂಡ ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಉತ್ತರ ಕನ್ನಡದಲ್ಲಿ ಸಂಚರಿಸಿದನು. 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾದ ಅವನ ವರದಿಯಲ್ಲಿ ಬೆಳೆ, ಮಣ್ಣು, ಮರ, ಜಾತಿ, ಕಂದಾಯ ಎಲ್ಲವೂ ಒಂದೇ ದಿನಚರಿಯ ಹರಿವಿನಲ್ಲಿ ಬರುತ್ತವೆ. ವೃತ್ತಿಯಿಂದ ವೈದ್ಯನೂ ಆಸಕ್ತಿಯಿಂದ ಸಸ್ಯಶಾಸ್ತ್ರಜ್ಞನೂ ಆಗಿದ್ದ ಅವನಿಗೆ ಈ ವಿಷಯಗಳನ್ನು ಬೇರೆ ಬೇರೆಯಾಗಿ ಕಾಣುವ ಅಗತ್ಯ ಬೀಳಲಿಲ್ಲ.

1862ರಲ್ಲಿ ಜಿಲ್ಲೆಯು ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ವರ್ಗಾವಣೆಯಾಯಿತು. ಜೇಮ್ಸ್ ಕ್ಯಾಂಬೆಲ್ ಸಂಪಾದಕತ್ವದ ಮುಂಬಯಿ ಪ್ರಾಂತದ ಗ್ಯಾಸೆಟಿಯರ್ ಮಾಲೆಯ 15ನೆಯ ಸಂಪುಟ 1883ರಲ್ಲಿ ಎರಡು ಭಾಗಗಳಾಗಿ ಹೊರಬಂದಿತು. ಅದರಲ್ಲಿ ಜಿಲ್ಲೆಯ ಬದುಕು ಅಧ್ಯಾಯಗಳಾಗಿ ವಿಂಗಡಣೆಗೊಂಡಿತು. ಅರಣ್ಯವನ್ನು ಉತ್ಪನ್ನವಾಗಿ ವಿವರಿಸುವ ಪುಟಗಳು ಬೇರೆ, ಆ ಅರಣ್ಯದಲ್ಲಿ ಬದುಕುವ ಜನರನ್ನು ಜಾತಿಗಳಾಗಿ ವಿವರಿಸುವ ಪುಟಗಳು ಬೇರೆ. ಆಡಳಿತದ ಅನುಕೂಲಕ್ಕಾಗಿ ನಡೆದ ಈ ವಿಂಗಡಣೆಯೇ ಮುಂದೆ ವಿಶ್ವವಿದ್ಯಾಲಯಗಳ ವಿಭಾಗಗಳಲ್ಲಿಯೂ ಮುಂದುವರಿಯಿತು.

ಕುಮರಿ ಬೇಸಾಯದ ಚರಿತ್ರೆ ಇದಕ್ಕೆ ತಕ್ಕ ನಿದರ್ಶನ. ಕಾಡಿನ ಒಂದು ತುಂಡನ್ನು ಕಡಿದು ಸುಟ್ಟು, ರಾಗಿ ಮೊದಲಾದ ಧಾನ್ಯ ಬೆಳೆದು, ಅನಂತರ ಅದನ್ನು ಹಲವು ವರ್ಷ ಬೀಳುಬಿಡುವ ಪದ್ಧತಿಯಿದು. ಹ್ಯೂ ಕ್ಲೆಗಾರ್ನ್ 1861ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಅರಣ್ಯಗಳ ಕುರಿತ ಗ್ರಂಥದಲ್ಲಿ ಕುಮರಿಯು ಬೆಲೆಬಾಳುವ ಮರದ ನಾಶವಾಗಿ ಕಾಣಿಸಿಕೊಂಡಿತು. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಿಂದ ಈ ಬೇಸಾಯದ ಮೇಲೆ ನಿರ್ಬಂಧಗಳು ಬಿಗಿಯಾಗತೊಡಗಿದವು. ಕುಮರಿಯನ್ನು ಆಧರಿಸಿದ್ದ ಬಿತ್ತನೆಯ ಹಬ್ಬ, ಕಾಡುದೈವಗಳ ಪೂಜೆ, ಬೀಜ ಕಾಯುವ ಕ್ರಮ, ಬೀಳುಬಿಡುವ ಅವಧಿಯ ಲೆಕ್ಕ ಇವು ಅರಣ್ಯಶಾಸ್ತ್ರದ ಪರಿಧಿಗೆ ಬರಲಿಲ್ಲ. ಒಂದು ಶಾಸ್ತ್ರದ ತೀರ್ಮಾನ ಕಾನೂನಾಗುವಾಗ ಉಳಿದ ಶಾಸ್ತ್ರಗಳು ಇನ್ನೂ ಹುಟ್ಟಿರಲಿಲ್ಲ ಅಥವಾ ಮೌನವಾಗಿದ್ದವು.

ಬಿದಿರಿನ ಮುಳ್ಳು

ದಾಂಡೇಲಿಯ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆ 1955ರಲ್ಲಿ ಸ್ಥಾಪನೆಗೊಂಡು 1959ರಲ್ಲಿ ಉತ್ಪಾದನೆ ಆರಂಭಿಸಿತು. ಸುತ್ತಲಿನ ಕಾಡಿನ ಬಿದಿರು ಅದರ ಮುಖ್ಯ ಕಚ್ಚಾವಸ್ತುವಾಗಿತ್ತು. ಆರಂಭದಲ್ಲಿ ಟನ್ನಿಗೆ 1.50 ರೂಪಾಯಿಯಂಥ ಅತ್ಯಲ್ಪ ದರದಲ್ಲಿ ಬಿದಿರು ಒದಗಿಸಲಾಗುತ್ತಿತ್ತೆಂದು ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ದಾಖಲಿಸಿದ್ದಾರೆ. ಬುಟ್ಟಿ, ಮೊರ ಹೆಣೆದು ಬದುಕುವವರಿಗೆ ಬಿದಿರು ಸಿಗದಾದಾಗ ದೂರುಗಳು ಹುಟ್ಟಿದವು. ಈ ಹಿನ್ನೆಲೆಯಲ್ಲಿ 1970ರ ದಶಕದ ಮಧ್ಯಭಾಗದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಗಾಡ್ಗೀಳ್ ಮತ್ತು ಎಸ್. ನರೇಂದ್ರ ಪ್ರಸಾದ್ ರಾಜ್ಯದ ಬಿದಿರು ಸಂಪತ್ತಿನ ಅಧ್ಯಯನ ಕೈಗೊಂಡರು.

ಬಿದಿರು ಮೆಳೆಯ ಬುಡದಲ್ಲಿ ಹೆಣೆದುಕೊಳ್ಳುವ ಮುಳ್ಳುಕೊಂಬೆಗಳನ್ನು ಸವರಿ ತೆಗೆದರೆ ಮೆಳೆ ಹುಲುಸಾಗುತ್ತದೆ, ಕಟಾವೂ ಸುಲಭ ಎಂಬುದು ಅರಣ್ಯ ನಿರ್ವಹಣೆಯ ಅಂದಿನ ಕ್ರಮವಾಗಿತ್ತು. ಹಳ್ಳಿಗರ ತಿಳಿವಳಿಕೆ ಇದಕ್ಕೆ ವಿರುದ್ಧವಾಗಿತ್ತು. ಆ ಮುಳ್ಳೇ ಕಳಲೆಗೆ ಬೇಲಿ. ಅದನ್ನು ತೆಗೆದರೆ ದನಕರುಗಳೂ ಕಾಡುಪ್ರಾಣಿಗಳೂ ಎಳೆಯ ಮೊಳಕೆಯನ್ನು ಮೇಯುತ್ತವೆ ಎಂದು ಅವರು ಹೇಳುತ್ತಿದ್ದರು. ಕ್ಷೇತ್ರದಲ್ಲಿ ನಡೆಸಿದ ವೀಕ್ಷಣೆಗಳು ಹಳ್ಳಿಗರ ಮಾತನ್ನೇ ಸಮರ್ಥಿಸಿದವು.

ಈ ಪ್ರಸಂಗದಲ್ಲಿ ಎರಡು ಅಂಶಗಳಿವೆ. ಮೊದಲನೆಯದು, ಜನಪದ ತಿಳಿವಳಿಕೆಯು ಪರೀಕ್ಷೆಗೆ ಒಡ್ಡಿಕೊಳ್ಳಬಲ್ಲ ತಿಳಿವಳಿಕೆ ಎಂಬುದು. ಎರಡನೆಯದು, ಪರಿಸರ ವಿಜ್ಞಾನಿ ಅದನ್ನು ಕೇಳಿಸಿಕೊಳ್ಳುವವರೆಗೆ ಜಾನಪದ ಸಂಗ್ರಹಕಾರರ ಟಿಪ್ಪಣಿಗಳಲ್ಲಿ ಆ ಮಾತಿಗೆ ಹೆಚ್ಚಿನ ಸ್ಥಾನವಿರಲಿಲ್ಲ ಎಂಬುದು. ಕನ್ನಡ ಜಾನಪದ ಅಧ್ಯಯನದ ಆರಂಭದ ದಶಕಗಳಲ್ಲಿ ಹಾಡು, ಕಥೆ, ಒಗಟು, ಗಾದೆಗಳ ಸಂಗ್ರಹಕ್ಕೆ ಪ್ರಾಶಸ್ತ್ಯವಿತ್ತು. ಕಳಲೆ ಕೀಳುವ ಕ್ರಮ, ಜೋಯಿಡಾದ ಕುಣಬಿಗಳು ಗೆಡ್ಡೆಗೆಣಸುಗಳನ್ನು ಬೆಳೆದು ಕಾದಿಡುವ ವಿಧಾನ, ಗೌಳಿಗಳು ಎಮ್ಮೆ ಮೇಯಿಸುವ ದಾರಿಗಳ ಅರಿವು ಇವು ಸಾಹಿತ್ಯವೆನಿಸದ ಕಾರಣ ದಾಖಲೆಯ ಹೊರಗುಳಿದವು. ಆದ್ದರಿಂದ ಕಿವಿಗೊಡದ ಹೊಣೆಯನ್ನು ಅರಣ್ಯಶಾಸ್ತ್ರದ ಮೇಲೆ ಮಾತ್ರ ಹೊರಿಸಲಾಗದು.

ಸಿದ್ದಿಗಳು: ಒಂದು ಸಮುದಾಯದ ನಾಲ್ಕು ಚಿತ್ರಗಳು

ಪೋರ್ಚುಗೀಸರ ಕಾಲದಲ್ಲಿ ಪೂರ್ವ ಆಫ್ರಿಕದಿಂದ ಗುಲಾಮರಾಗಿ ಬಂದವರ ವಂಶದವರಾದ ಸಿದ್ದಿಗಳು ಹಳಿಯಾಳ, ಮುಂಡಗೋಡ, ಜೋಯಿಡಾ ಹಾಗೂ ನೆರೆಯ ಯಲ್ಲಾಪುರ, ಅಂಕೋಲಾ ತಾಲ್ಲೂಕುಗಳಲ್ಲಿ ನೆಲೆಸಿದ್ದಾರೆ. ಅವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಧರ್ಮಗಳನ್ನು ಅನುಸರಿಸುವವರಿದ್ದಾರೆ. ಟಿ. ಸಿ. ಪಾಲಾಕ್ಷಪ್ಪನವರು 1976ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಗ್ರಂಥವು ಉತ್ತರ ಕನ್ನಡದ ಸಿದ್ದಿಗಳನ್ನು ಮಾನವಶಾಸ್ತ್ರದ ದೃಷ್ಟಿಯಿಂದ ವಿವರವಾಗಿ ಪರಿಚಯಿಸಿತು. ಕುಟುಂಬ, ವಿವಾಹ, ಆರ್ಥಿಕ ಸ್ಥಿತಿ ಅಲ್ಲಿಯ ವಸ್ತು.

1980ರ ದಶಕದ ಉತ್ತರಾರ್ಧದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ ವಿಶೇಷ ಯೋಜನೆ ಸಿದ್ದಿ ಮಕ್ಕಳನ್ನು ಓಟ ಮೊದಲಾದ ಸ್ಪರ್ಧೆಗಳಿಗೆ ಆಯ್ಕೆಮಾಡಿ ತರಬೇತಿ ನೀಡಿತು. ಅವರ ದೇಹಬಲ ಆಫ್ರಿಕದ ಮೂಲದಿಂದ ಬಂದಿದೆಯೆಂಬ ಊಹೆ ಅದರ ಹಿಂದಿತ್ತು. 1990ರ ದಶಕದಲ್ಲಿ ಈ ಯೋಜನೆ ನಿಂತುಹೋಯಿತು. 2011ರಲ್ಲಿ ಹೈದರಾಬಾದಿನ ಕೋಶೀಯ ಮತ್ತು ಆಣ್ವಿಕ ಜೀವವಿಜ್ಞಾನ ಕೇಂದ್ರದ ವಿಜ್ಞಾನಿಗಳನ್ನೊಳಗೊಂಡ ತಂಡ ಕರ್ನಾಟಕ ಮತ್ತು ಗುಜರಾತಿನ ಸಿದ್ದಿಗಳ ವಂಶವಾಹಿಗಳನ್ನು ಪರಿಶೀಲಿಸಿ, ಅವರಲ್ಲಿ ಆಫ್ರಿಕದ ಬಂಟು ಮೂಲದೊಂದಿಗೆ ಭಾರತೀಯ ಮತ್ತು ಐರೋಪ್ಯ ಅಂಶಗಳೂ ಬೆರೆತಿವೆಯೆಂದು ತೋರಿಸಿತು. ಈ ಬೆರಕೆ ಸುಮಾರು 200 ವರ್ಷಗಳಿಂದ ಈಚಿನದೆಂಬುದು ಅದರ ಅಂದಾಜು.

ಇದೇ ಅವಧಿಯಲ್ಲಿ ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಸಿದ್ದಿ ಮಹಿಳೆಯರ ಕೌದಿಗಳನ್ನು ಅಧ್ಯಯನ ಮಾಡಿದರು. ಹಳೆಯ ಬಟ್ಟೆಯ ತುಂಡುಗಳನ್ನು ಅಂಚಿನಿಂದ ಒಳಮುಖವಾಗಿ ಹೊಲಿಯುತ್ತ ಬಂದು, ಕೊನೆಗೆ ಮೂಲೆಗಳಲ್ಲಿ ಬಟ್ಟೆಯನ್ನು ಮಡಚಿ ‘ಫುಲ’ಗಳನ್ನು ಕೂರಿಸಿದರೆ ಮಾತ್ರ ಕೌದಿ ಪೂರ್ಣವಾದಂತೆ. ತಳಿವಿಜ್ಞಾನವು ರಕ್ತದಲ್ಲಿ ಕಂಡ ಬೆರಕೆಯನ್ನು ಈ ಮಹಿಳೆಯರು ಬಟ್ಟೆಯಲ್ಲಿ ಹೊಲಿಯುತ್ತಲೇ ಬಂದಿದ್ದರು ಎನ್ನಬಹುದು. ಕೌದಿ ಉತ್ತರ ಕರ್ನಾಟಕದ ಮನೆಮನೆಯ ವಸ್ತು. ಅದರ ಮೂಲೆಯ ಹೂವು ಸಿದ್ದಿಗಳ ಗುರುತು.

ಮಾನವಶಾಸ್ತ್ರ, ಕ್ರೀಡೆ, ತಳಿವಿಜ್ಞಾನ, ಕಲಾ ಇತಿಹಾಸಗಳು ಹೀಗೆ ನಾಲ್ಕು ಚಿತ್ರಗಳನ್ನು ನೀಡಿವೆ. ದಮಾಮಿ ಬಾರಿಸಿ ಕುಣಿಯುವ, ಕೂಲಿಗೆ ಹೋಗುವ, ಕೌದಿ ಹೊಲಿಯುವ, ಕಾಡಿನ ಜಾಗಕ್ಕೆ ಅರ್ಜಿ ಹಾಕುವ ಸಿದ್ದಿ ಒಬ್ಬರೇ ಎಂಬುದು ಈ ನಾಲ್ಕರಲ್ಲಿ ಯಾವ ಒಂದರಿಂದಲೂ ತಿಳಿಯದು.

ಪಟ್ಟಿ, ಗಡಿ ಮತ್ತು ಸಾಕ್ಷ್ಯ

ಅರಿವಿನ ಈ ಹಂಚಿಕೆಯ ಪರಿಣಾಮ ಕಾನೂನಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. 2003ರ ತಿದ್ದುಪಡಿ ಕಾಯಿದೆಯಿಂದ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದರು. ಅದೇ ಕಾಯಿದೆಯಿಂದ ಗೋವೆಯ ಕುಣಬಿ, ಗಾವಡಾ, ವೇಳಿಪ ಸಮುದಾಯಗಳೂ ಪರಿಶಿಷ್ಟ ಪಂಗಡಗಳಾದವು. ಗೋವೆಯ ಗಡಿಯಿಂದ ಈಚೆಗಿರುವ ಜೋಯಿಡಾದ ಕುಣಬಿಗಳು ಆ ಪಟ್ಟಿಯಲ್ಲಿ ಸೇರಲಿಲ್ಲ. ಧಾರವಾಡ ಮತ್ತು ಬೆಳಗಾವಿ ಜಿಲ್ಲೆಗಳ ಸಿದ್ದಿಗಳು ಪಟ್ಟಿ ಸೇರಲು 2020ರವರೆಗೆ ಕಾಯಬೇಕಾಯಿತು. ಬಂಧುತ್ವವೂ ಭಾಷೆಯೂ ದಾಟುವ ಗಡಿಯನ್ನು ಪಟ್ಟಿ ದಾಟಲಿಲ್ಲ.

ಈ ವ್ಯತ್ಯಾಸದ ಬೆಲೆ 2006ರ ಅರಣ್ಯ ಹಕ್ಕು ಕಾಯಿದೆಯಲ್ಲಿ ಗೊತ್ತಾಗುತ್ತದೆ. ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲು ಅರಣ್ಯಭೂಮಿಯನ್ನು ಅನುಭವಿಸುತ್ತಿದ್ದರೆ ಸಾಕು. ಇತರ ಪಾರಂಪರಿಕ ಅರಣ್ಯವಾಸಿಗಳು ಅದಕ್ಕೂ ಹಿಂದಿನ ಮೂರು ತಲೆಮಾರುಗಳ, ಅಂದರೆ 75 ವರ್ಷಗಳ ವಾಸ್ತವ್ಯವನ್ನು ತೋರಿಸಬೇಕು. ಓದುಬರಹವಿಲ್ಲದ ಕಾಡಿನ ಕುಟುಂಬವೊಂದು 75 ವರ್ಷಗಳ ದಾಖಲೆಯನ್ನು ಎಲ್ಲಿಂದ ತರಬೇಕು?

ಕಾಯಿದೆಯ ನಿಯಮಗಳು ಇದಕ್ಕೆ ಒಂದು ದಾರಿ ತೋರಿಸಿವೆ. ಸಾಕ್ಷ್ಯಗಳ ಪಟ್ಟಿಯಲ್ಲಿ ಗ್ಯಾಸೆಟಿಯರ್, ಜನಗಣತಿ, ನಕ್ಷೆ, ಉಪಗ್ರಹ ಚಿತ್ರ, ಅರಣ್ಯ ಇಲಾಖೆಯ ಕಾರ್ಯಯೋಜನೆಗಳಿವೆ. ಬಾವಿ, ಸ್ಮಶಾನ, ಪವಿತ್ರ ಸ್ಥಳಗಳಂಥ ಹಳೆಯ ಕುರುಹುಗಳಿವೆ. ವಂಶಾವಳಿಯಿದೆ. ಬರಹಕ್ಕಿಳಿಸಿದ ಹಿರಿಯರ ಹೇಳಿಕೆಯಿದೆ. ರೂಢಿ ಸಂಪ್ರದಾಯಗಳನ್ನು ದಾಖಲಿಸಿದ ಸಂಶೋಧನೆಗಳಿಗೂ ಅಲ್ಲಿ ಸ್ಥಾನವಿದೆ. ಇತಿಹಾಸ, ಭೂಗೋಳ, ದೂರಸಂವೇದನೆ, ಪುರಾತತ್ತ್ವ, ಮಾನವಶಾಸ್ತ್ರ, ಜಾನಪದಗಳನ್ನು ಯಾವ ವಿಶ್ವವಿದ್ಯಾಲಯವೂ ಒಂದೇ ಮೇಜಿಗೆ ತಂದಿರದಿದ್ದಾಗ, ಒಂದು ಸರ್ಕಾರಿ ನಿಯಮ ಅವನ್ನು ಒಂದೇ ಅರ್ಜಿಯಲ್ಲಿ ಕೂಡಿಸಿದೆ.

ಹೀಗಾಗಿ ದೇವರಕಾಡಿನ ಹೆಸರು, ಹಿರಿಯರ ಸಮಾಧಿಯಿರುವ ಜಾಗ, ಮದುವೆಯ ಹಾಡಿನಲ್ಲಿ ಬರುವ ಹಳೆಯ ವಾಡೆಯ ಉಲ್ಲೇಖ ಇವು ಭೂಮಿಯ ಹಕ್ಕಿಗೆ ನೆರವಾಗಬಲ್ಲ ಸಾಕ್ಷ್ಯಗಳಾಗಿವೆ. ಸ್ಥಳ, ಕಾಲ, ಹೇಳಿದವರ ಸಮುದಾಯವನ್ನು ನಮೂದಿಸದೆ ಅಚ್ಚಾದ ಹಾಡಿನ ಸಂಗ್ರಹವು ಸಾಹಿತ್ಯವಾಗಿ ಎಷ್ಟೇ ಸೊಗಸಾಗಿದ್ದರೂ ಇಂಥ ಸಂದರ್ಭದಲ್ಲಿ ನಿರುಪಯುಕ್ತವಾಗುತ್ತದೆ. ಮುಳುಗಡೆಯ ಪ್ರದೇಶದಲ್ಲಿ ಈ ನಷ್ಟ ಇನ್ನೂ ಹೆಚ್ಚು. ಕಾಳಿ ನದಿಗೆ ಕಟ್ಟಿದ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟಿನ ಹಿನ್ನೀರಿನಲ್ಲಿ ಹಳೆಯ ಸೂಪಾ ಪಟ್ಟಣವೇ ಮುಳುಗಿ, ತಾಲ್ಲೂಕಿನ ಕೇಂದ್ರ ಜೋಯಿಡಾಕ್ಕೆ ಬಂದಿತು. ಅಲ್ಲಿಯ ಬಾವಿ, ಬನ, ಸಮಾಧಿಗಳು ಈಗ ಹಿರಿಯರ ನೆನಪಿನಲ್ಲಿ ಮಾತ್ರ ಇವೆ.

ಮುಂಡಗೋಡದ ನಿದರ್ಶನ

ಶಾಸ್ತ್ರಗಳು ಕೂಡಿ ಕುಳಿತ ಉದಾಹರಣೆ ಈ ಪ್ರದೇಶದಲ್ಲಿಯೇ ಇದೆ. 1966ರಲ್ಲಿ ಸುಮಾರು 4,000 ಎಕರೆ ಅರಣ್ಯಭೂಮಿಯಲ್ಲಿ ಮುಂಡಗೋಡದ ಟಿಬೆಟನ್ ವಸತಿ ಆರಂಭವಾಯಿತು. ಗಾದೆನ್ ಮತ್ತು ಡ್ರೆಪುಂಗ್ ಮಹಾವಿಹಾರಗಳು ಇಲ್ಲಿ ಮರುಸ್ಥಾಪನೆಗೊಂಡವು. 2013ರ ಜನವರಿಯಲ್ಲಿ ಡ್ರೆಪುಂಗ್ ವಿಹಾರದಲ್ಲಿ ದಲಾಯಿ ಲಾಮಾ ಅವರ ಸಮ್ಮುಖದಲ್ಲಿ ಮನಸ್ಸು, ಮಿದುಳು ಮತ್ತು ಭೌತದ್ರವ್ಯವನ್ನು ಕುರಿತ ಸಂವಾದ ನಡೆಯಿತು. ಭೌತವಿಜ್ಞಾನಿಗಳು, ನರವಿಜ್ಞಾನಿಗಳು, ತತ್ತ್ವಶಾಸ್ತ್ರಜ್ಞರು ಸಾವಿರಾರು ಭಿಕ್ಷುಗಳ ಮುಂದೆ ತಮ್ಮ ವಿಚಾರಗಳನ್ನು ಮಂಡಿಸಿದರು. ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಸಹಯೋಗದಲ್ಲಿ ಟಿಬೆಟನ್ ಭಾಷೆಯ ವಿಜ್ಞಾನ ಪಠ್ಯಗಳು ಸಿದ್ಧವಾಗಿ ವಿಹಾರಗಳ ಶಿಕ್ಷಣದಲ್ಲಿ ವಿಜ್ಞಾನ ಸೇರಿತು.

ಇಲ್ಲಿ ಭಿಕ್ಷುಗಳು ಅಧ್ಯಯನದ ವಸ್ತುವಾಗಿ ಉಳಿಯದೆ ಚರ್ಚೆಯ ಪಾಲುದಾರರಾದರು. ಇದಕ್ಕೆ ಗ್ರಂಥಪರಂಪರೆ, ತರ್ಕದ ಶಿಕ್ಷಣ, ತಮ್ಮದೇ ಸಂಸ್ಥೆ ಹಾಗೂ ತಮ್ಮ ಭಾಷೆಗೆ ಆಗುವ ಅನುವಾದ ಕಾರಣಗಳಾದವು. ಅದೇ ತಾಲ್ಲೂಕಿನ ಸಿದ್ದಿ, ಗೌಳಿ ಕೇರಿಗಳಿಗೆ ಈ ನಾಲ್ಕೂ ಅನುಕೂಲಗಳಿಲ್ಲ. ಅವರ ಕುರಿತ ಬರಹ ಬಹುಮಟ್ಟಿಗೆ ಇಂಗ್ಲಿಷಿನಲ್ಲಿದ್ದು, ದೂರದ ಗ್ರಂಥಾಲಯಗಳಲ್ಲಿದೆ. ಗ್ರಂಥವಿಲ್ಲದ ಜನರಿಗೆ ನೆನಪೇ ಗ್ರಂಥ. ಅದನ್ನು ಚರ್ಚೆಯ ಮೇಜಿಗೆ ತರುವ ಹೊಣೆ ಜಾನಪದ ಅಧ್ಯಯನದ್ದಾಗುತ್ತದೆ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಕಾರ್ಯಗಳು ಹೊರಡುತ್ತವೆ. ಮೊದಲನೆಯದಾಗಿ, ಈ ನಾಲ್ಕು ತಾಲ್ಲೂಕುಗಳನ್ನು ಕುರಿತು ಎಲ್ಲ ಶಿಸ್ತುಗಳಲ್ಲಿ ಬಂದಿರುವ ಬರಹಗಳ ಒಂದು ಸಮಗ್ರ ಸೂಚಿ ಸಿದ್ಧವಾಗಬೇಕು. ಎರಡನೆಯದಾಗಿ, ಅವುಗಳ ಸಾರ ಕನ್ನಡದಲ್ಲಿ ಮತ್ತು ಸಾಧ್ಯವಾದೆಡೆ ಕೊಂಕಣಿ, ಮರಾಠಿಗಳಲ್ಲಿ ತಾಲ್ಲೂಕು ಗ್ರಂಥಾಲಯಗಳಿಗೂ ಗ್ರಾಮಮಟ್ಟದ ಅರಣ್ಯ ಹಕ್ಕು ಸಮಿತಿಗಳಿಗೂ ತಲುಪಬೇಕು. ಮೂರನೆಯದಾಗಿ, ಮುಂದಿನ ಜಾನಪದ ಸಂಗ್ರಹಗಳು ಸ್ಥಳನಾಮ, ವಂಶಾವಳಿ, ಬನ, ಬಾವಿ, ಸಮಾಧಿಗಳ ವಿವರವನ್ನು ಹಾಡಿನಷ್ಟೇ ಶ್ರದ್ಧೆಯಿಂದ ದಾಖಲಿಸಬೇಕು. ಮುಂಡಗೋಡಕ್ಕೆ ನೆರೆಯಾದ ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಸ್ಥಾಪನೆಯಾದ ಜಾನಪದ ವಿಶ್ವವಿದ್ಯಾಲಯ, ಧಾರವಾಡದ ವಿಶ್ವವಿದ್ಯಾಲಯಗಳು ಮತ್ತು ಶಿರಸಿಯ ಅರಣ್ಯ ಮಹಾವಿದ್ಯಾಲಯ ಈ ಕಾರ್ಯವನ್ನು ಹಂಚಿಕೊಳ್ಳಬಲ್ಲಷ್ಟು ಸಮೀಪದಲ್ಲಿವೆ. ಸೂಪಾದ ಮುಳುಗಡೆಯನ್ನು ಕಂಡ ತಲೆಮಾರಿಗೆ ವಯಸ್ಸಾಗಿದೆ. ಅವರ ಹೇಳಿಕೆಗಳನ್ನು ಬರಹಕ್ಕಿಳಿಸುವ ಕೆಲಸ ಮೊದಲು ಆಗಬೇಕು.