ಕೆಜಿಎಫ್ ಅಂತ ಹುಡುಕಿದರೆ ಸಿನಿಮಾ ಸಿಗುತ್ತೆ, ನೀವು ಸಿಗ್ತೀರಾ?

ಗೂಗಲ್‌ನಲ್ಲಿ ಕೆಜಿಎಫ್ ಅಂತ ಟೈಪ್ ಮಾಡಿ ನೋಡಿ. 2018ರ ಸಿನಿಮಾ, 2022ರ ಅದರ ಎರಡನೇ ಭಾಗ, ಹಾಡು, ಡೈಲಾಗು ಎಲ್ಲ ಬರುತ್ತೆ. ಊರನ್ನು ಹುಡುಕಿ ತೆಗೀಬೇಕು. ಯಶ್ ಅಭಿಮಾನಿಗಳಿಗೆ ಸಂತೋಷವೇ. ಆದರೆ ರಾಬರ್ಟ್‌ಸನ್‌ಪೇಟೆಯಲ್ಲಿ ಕೂತು ಕೆಲಸ ಹುಡುಕುವ ಪದವೀಧರೆಗೆ, ಮನೆಯಿಂದಲೇ ಅಕೌಂಟ್ಸ್ ನೋಡಿಕೊಡುವವರಿಗೆ ಇದು ಹೊಟ್ಟೆಪಾಡಿನ ಪ್ರಶ್ನೆ.

2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. ಅಲ್ಲೀವರೆಗೆ ಕೆಲಸದ ಸುದ್ದಿ ಗಣಿ ಕಾಲೋನಿಯ ಸಾಲುಮನೆಗಳಲ್ಲೇ ಓಡಾಡುತ್ತಿತ್ತು. ಈಗ ಮಾರಿಕುಪ್ಪಂನಿಂದ ಹೊರಟು ಬಂಗಾರಪೇಟೆ ದಾಟಿ ಬೆಂಗಳೂರಿಗೆ ಹೋಗುವ ಬೆಳಗಿನ ರೈಲೇ ಊರಿನ ಕೆಲಸದ ದಾರಿ. ಮನೆ ಇಲ್ಲಿ, ದುಡಿಮೆ ಅಲ್ಲಿ. ಕೆಲಸ ಕೊಡುವವರು ಮಾತ್ರ ಹುಡುಕೋದು ಲಿಂಕ್ಡ್‌ಇನ್‌ನಲ್ಲಿ, ಅದೂ 'ಬೆಂಗಳೂರು' ಅಂತ ಫಿಲ್ಟರ್ ಹಾಕಿ. ನಿಮ್ಮ ಪ್ರೊಫೈಲ್‌ನಲ್ಲಿ ಬರೀ ಕೆಜಿಎಫ್ ಅಂತಿದ್ದರೆ ಆ ಪಟ್ಟಿಯಿಂದ ಜಾರಿಹೋಗುವ ಸಾಧ್ಯತೆ ಹೆಚ್ಚು.

ಹಾಗಂತ ಊರಿನ ಹೆಸರು ಅಳಿಸಬೇಡಿ. 'ಓಪನ್ ಟು ವರ್ಕ್' ಆಯ್ಕೆಯಲ್ಲಿ ಕೆಲಸದ ಸ್ಥಳಗಳನ್ನು ಬೇರೆಯಾಗಿ ಕೇಳುತ್ತಾರೆ, ಅಲ್ಲಿ ಬೆಂಗಳೂರು, ಕೋಲಾರ ಎರಡನ್ನೂ ಸೇರಿಸಿ. ಈಗಾಗಲೇ ಎಲ್ಲಾದರೂ ಕೆಲಸದಲ್ಲಿದ್ದರೆ 'ರಿಕ್ರೂಟರ್‌ಗಳಿಗೆ ಮಾತ್ರ' ಅನ್ನೋದನ್ನು ಆರಿಸಿ. ನಿಮ್ಮ ಕಂಪನಿಯವರಿಗೆ ಕಾಣದಂತೆ ಅವರು ಪ್ರಯತ್ನ ಮಾಡ್ತಾರೆ, ಗ್ಯಾರಂಟಿ ಮಾತ್ರ ಕೊಡಲ್ಲ. ಪರಿಚಯದ ಸಾಲಿನಲ್ಲಿ ಕೆಜಿಎಫ್, ಕೋಲಾರ ಗೋಲ್ಡ್ ಫೀಲ್ಡ್ಸ್, ರಾಬರ್ಟ್‌ಸನ್‌ಪೇಟೆ ಮೂರನ್ನೂ ಬರೆಯಿರಿ. ರಾಬರ್ಟ್‌ಸನ್‌ಪೇಟೆಯ ಇಂಗ್ಲಿಷ್ ಕಾಗುಣಿತದಲ್ಲಿ ಕೊನೆಗೆ 'ಇ' ಹಾಕುವವರೂ ಇದ್ದಾರೆ, ಬಿಡುವವರೂ ಇದ್ದಾರೆ; ಒಂದನ್ನು ಹಿಡಿದುಕೊಳ್ಳಿ.

ಊರಿಗಿಂತ ದೊಡ್ಡ ತೊಡಕು ಹೆಸರಿನದು. ನಮ್ಮಲ್ಲಿ ತಮಿಳು, ತೆಲುಗು, ಕನ್ನಡ ಯಾವ ಮನೆಯಾದರೂ ಇನಿಶಿಯಲ್ ಇದ್ದೇ ಇರುತ್ತೆ. ಅಂಕಪಟ್ಟಿಯಲ್ಲಿ ಸುರೇಶ್ ಕುಮಾರ್ ಎಂ., ಆಧಾರ್‌ನಲ್ಲಿ ಎಂ. ಸುರೇಶ್‌ಕುಮಾರ್, ಕಾಲೇಜಲ್ಲಿ ಮಾಡಿದ ಇಮೇಲ್‌ನಲ್ಲಿ 'ಸೂರಿ ರಾಕ್ಸ್' ಅಂತಿದ್ದರೆ ಹುಡುಕುಯಂತ್ರಕ್ಕೆ ಇವರು ಮೂರು ಜನ. ಮೇಲಾಗಿ ಫಾರಂ 'ಕೊನೆಯ ಹೆಸರು' ಕೊಡಲೇಬೇಕು ಅನ್ನುತ್ತೆ. ಆ ಖಾನೆ ಮಾಡಿದವರಿಗೆ ಎಲ್ಲರಿಗೂ ಒಂದು ಸರ್‌ನೇಮ್ ಇರುತ್ತೆ ಅನ್ನೋ ನಂಬಿಕೆ. ಇಲ್ಲಿ ಸರ್‌ನೇಮ್ ಅಂದರೆ ಎಷ್ಟೋ ಸಲ ಜಾತಿಯ ಹೆಸರು. ರಿಪಬ್ಲಿಕನ್ ಪಕ್ಷದ ಸಿ.ಎಂ. ಆರ್ಮುಗಂ ಅವರನ್ನು ವಿಧಾನಸಭೆಗೆ ಕಳಿಸಿದ ಈ ಊರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಖಾನೆ ತುಂಬಿಸೋಕೆ ಜಾತಿ ಹಾಕಬೇಕಾಗಿಲ್ಲ. ಇನಿಶಿಯಲ್ ಬಿಡಿಸಿ ಅಪ್ಪನ ಅಥವಾ ಅಮ್ಮನ ಹೆಸರು ಬರೆಯಿರಿ. ಇಮೇಲ್, ರೆಸ್ಯೂಮೆ, ಪ್ರೊಫೈಲ್ ಎಲ್ಲದರಲ್ಲೂ ಅದೇ ಹೆಸರು, ಅದೇ ಕಾಗುಣಿತ ಇರಲಿ. ಪ್ರೊಫೈಲ್ ವಿಳಾಸದ ಕೊನೆಯಲ್ಲಿರುವ ಅಂಕಿಗಳ ಬಾಲವನ್ನೂ ಕತ್ತರಿಸಿ ಹೆಸರು ಹಾಕಿಕೊಳ್ಳಬಹುದು, ದುಡ್ಡೇನೂ ಕೊಡಬೇಕಿಲ್ಲ. ಹೆಸರಿನ ಕೆಳಗಿನ ಸಾಲಿನಲ್ಲಿ 'ಉದ್ಯೋಗಾಕಾಂಕ್ಷಿ' ಅಂತ ಬರೆದು ಸುಮ್ಮನಾಗಬೇಡಿ, ಆ ಪದ ಹಾಕಿ ಯಾರೂ ಹುಡುಕಲ್ಲ. ಫಿಟ್ಟರ್, ಟ್ಯಾಲಿ, ಜಾವಾ, ನರ್ಸಿಂಗ್ ಹೀಗೆ ಬರುವ ಕೆಲಸದ ಹೆಸರು ಬರೆಯಿರಿ.

ಅಂಗಡಿ, ಸ್ಟುಡಿಯೋ, ಎಲೆಕ್ಟ್ರಿಕಲ್ ಕೆಲಸದವರಿಗೆ ಲಿಂಕ್ಡ್‌ಇನ್‌ಗಿಂತ ಗೂಗಲ್ ಬಿಸಿನೆಸ್ ಪ್ರೊಫೈಲ್ ಮುಖ್ಯ. ಅದೂ ಉಚಿತ. ಗಿರಾಕಿಯ ಮನೆಗೇ ಹೋಗಿ ಕೆಲಸ ಮಾಡುವವರಾದರೆ ಮನೆ ವಿಳಾಸ ಮುಚ್ಚಿಟ್ಟು, ಆಂಡರ್ಸನ್‌ಪೇಟೆ, ಬೆಮೆಲ್ ನಗರ, ಬಂಗಾರಪೇಟೆ ಅಂತ ಸೇವೆ ಕೊಡುವ ಜಾಗಗಳನ್ನಷ್ಟೇ ತೋರಿಸಬಹುದು.

ಸಿಗಬೇಕು ಅಂದರೆ ಎಲ್ಲರ ಕೈಗೂ ಸಿಗಬೇಕು ಅಂತಲ್ಲ. ಫೋನ್ ನಂಬರ್, ಮನೆ ವಿಳಾಸ, ಹುಟ್ಟಿದ ದಿನಾಂಕ ಇರುವ ರೆಸ್ಯೂಮೆಯನ್ನು ಫೇಸ್‌ಬುಕ್ ಗುಂಪುಗಳಿಗೆ ಹಾಕ್ಬೇಡಿ, ಹೆಣ್ಣುಮಕ್ಕಳಂತೂ ಹಾಕಲೇಬೇಡಿ. ಕೆಲಸಕ್ಕಾಗಿ ಬೇರೆ ಇಮೇಲ್ ಇಟ್ಟುಕೊಂಡು ಅದನ್ನಷ್ಟೇ ತೋರಿಸಿ. ಫೋನ್ ನಂಬರ್ ಇದ್ದವರಿಗೆಲ್ಲ ನಿಮ್ಮ ಪ್ರೊಫೈಲ್ ಸಿಗಬೇಕಾ ಅನ್ನೋದನ್ನು ಲಿಂಕ್ಡ್‌ಇನ್‌ನ 'ವಿಸಿಬಿಲಿಟಿ' ಸೆಟ್ಟಿಂಗ್‌ನಲ್ಲಿ ನೀವೇ ತೀರ್ಮಾನಿಸಬಹುದು. 'ರಿಜಿಸ್ಟ್ರೇಷನ್ ಫೀಸು' ಕೇಳಿ ಬರುವ ಕರೆಯನ್ನು ಅಲ್ಲಿಗೇ ಕಟ್ ಮಾಡಿ, ಕೆಲಸ ಕೊಡುವವರು ದುಡ್ಡು ಕೇಳಲ್ಲ.

ಎಲ್ಲ ಮುಗಿದ ಮೇಲೆ ಗೆಳೆಯರ ಫೋನಿನಲ್ಲಿ, ಇನ್‌ಕಾಗ್ನಿಟೋ ತೆರೆದು, ನಿಮ್ಮ ಹೆಸರು, ಕೆಲಸ, ಜೊತೆಗೆ ಬೆಂಗಳೂರು ಅಂತ ಹುಡುಕಿ. ಆಮೇಲೆ ಬೆಂಗಳೂರು ತೆಗೆದು ಕೆಜಿಎಫ್ ಹಾಕಿ. ಹೊಸ ಪ್ರೊಫೈಲ್ ಗೂಗಲ್‌ಗೆ ಕಾಣಿಸೋಕೆ ಕೆಲವು ದಿನ ಹಿಡಿಯುತ್ತೆ, ಮೊದಲ ದಿನವೇ ಸಿಗಲಿಲ್ಲ ಅಂತ ಕೈಬಿಡಬೇಡಿ.