ಭಾರತದ ಕುರಿತು ಬರೆದು ಕಟಕಟೆ ಹತ್ತಿದ ಕಥೋಲಿಕ ಪತ್ರಿಕೆ

“ಫಾದರ್, ಧರ್ಮಸಭೆ ಯಾವಾಗಲೂ ಸ್ವಾತಂತ್ರ್ಯದ ವಿರುದ್ಧವೇ ನಿಂತಿತ್ತಲ್ಲವೇ?” ಯುವಜನರ ಕೂಟವೊಂದರಲ್ಲಿ ಕಾಲೇಜು ಹುಡುಗನೊಬ್ಬ ಹೀಗೆ ಕೇಳಿದ. ಪ್ರಿಯ ಓದುಗರೇ, ‘ಇಲ್ಲ’ ಎಂದುಬಿಡುವುದು ಸುಲಭ. ಆದರೆ ಅದು ಪೂರ್ತಿ ಸತ್ಯವಲ್ಲ. ‘ಹೌದು’ ಎಂದರೂ ಅಷ್ಟೇ. ಆ ದಿನ ಅವನಿಗೆ ನಾನು ಹೇಳಿದ್ದು ಒಂದು ಫ್ರೆಂಚ್ ಪತ್ರಿಕೆಯ ಕಥೆ. ಗುರುಮಠದಲ್ಲಿ ಧರ್ಮಸಭೆಯ ಚರಿತ್ರೆ ಓದುವಾಗ ಒಂದೆರಡು ಸಾಲಿನಲ್ಲಿ ದಾಟಿಹೋದ ಹೆಸರದು. ನಮ್ಮ ದೇಶಕ್ಕೂ ಅದಕ್ಕೂ ನಂಟಿದೆಯೆಂದು ಆಗ ನನಗೆ ತಿಳಿದಿರಲಿಲ್ಲ.

1829ರ ಮಾರ್ಚ್ ತಿಂಗಳಲ್ಲಿ ಪ್ಯಾರಿಸ್ಸಿನ ಕೆಲವು ಕಥೋಲಿಕ ಯುವಕರು ‘ಲ ಕೊರೆಸ್ಪಾಂದಾನ್’ ಎಂಬ ಪತ್ರಿಕೆಯನ್ನು ಆರಂಭಿಸಿದರು. ಫ್ರಾನ್ಸಿನ ಮಹಾಕ್ರಾಂತಿಯಲ್ಲಿ ಸಾವಿರಾರು ಗುರುಗಳು ದೇಶ ಬಿಟ್ಟಿದ್ದರು, ನೂರಾರು ಮಂದಿ ಪ್ರಾಣ ತೆತ್ತಿದ್ದರು. ಆದುದರಿಂದ ‘ಸ್ವಾತಂತ್ರ್ಯ’ ಎಂಬ ಪದವೇ ಅಲ್ಲಿನ ಭಕ್ತಜನರಿಗೆ ರಕ್ತವನ್ನು ನೆನಪಿಸುತ್ತಿತ್ತು. ಅಂಥ ಕಾಲದಲ್ಲಿ ಈ ಯುವಕರು ಲೋಕದಲ್ಲೆಲ್ಲಾ ನಾಗರಿಕ ಮತ್ತು ಧಾರ್ಮಿಕ ಸ್ವಾತಂತ್ರ್ಯ ಬೇಕೆಂಬುದನ್ನೇ ಪತ್ರಿಕೆಯ ಧ್ಯೇಯವಾಕ್ಯ ಮಾಡಿಕೊಂಡರು. ಅದು ಇಂಗ್ಲೆಂಡಿನ ಪ್ರಧಾನಿಯಾಗಿದ್ದ ಜಾರ್ಜ್ ಕ್ಯಾನಿಂಗರ ಮಾತು. ಈ ಹೆಸರು ನೆನಪಿರಲಿ.

ಮರುವರ್ಷ ಲಾಮೆನೇ ಎಂಬ ಗುರುಗಳು ‘ಲಾವೆನಿರ್’ ಎಂಬ ಇನ್ನೂ ಬಿರುಸಿನ ದಿನಪತ್ರಿಕೆ ಹೊರಡಿಸಿದರು. ಅವರ ಜೊತೆಗೆ ಲಾಕೊರ್ದೇರ್ ಎಂಬ ಯುವ ಗುರುಗಳೂ ಇಪ್ಪತ್ತು ವರ್ಷದ ಮೊಂತಲಾಂಬೆರ್ ಎಂಬ ಶ್ರೀಮಂತ ತರುಣನೂ ಇದ್ದರು. ಮೂವರೂ ಜಗದ್ಗುರುಗಳ ಆಶೀರ್ವಾದ ಬೇಡಿ ರೋಮಿಗೆ ಹೋದರು. ಆದರೆ 1832ರ ಆಗಸ್ಟ್ 15ರಂದು, ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬದ ದಿನವೇ, ಹದಿನಾರನೇ ಗ್ರೆಗೊರಿಯವರ ವಿಶ್ವಪತ್ರ ಅವರ ವಿಚಾರಗಳನ್ನು ಖಂಡಿಸಿತು. ಲಾಮೆನೇ ಮುಂದೆ ಧರ್ಮಸಭೆಯನ್ನೇ ತೊರೆದರು. 1854ರಲ್ಲಿ ರಾಜಿಯಾಗದೆಯೇ ತೀರಿಕೊಂಡರು. ಉಳಿದಿಬ್ಬರು ತಲೆಬಾಗಿದರು. ಹೇಡಿತನದಿಂದ ಬಾಗಿದರೇ? ಮುಂದಿನ ಕಥೆ ಓದಿದವರು ಹಾಗೆನ್ನಲಾರರು.

1831ರಲ್ಲಿ ನಿಂತುಹೋಗಿದ್ದ ‘ಕೊರೆಸ್ಪಾಂದಾನ್’ 1843ರಲ್ಲಿ ಮತ್ತೆ ಜೀವ ಪಡೆಯಿತು. 1855ರಲ್ಲಿ ಮೊಂತಲಾಂಬೆರ್ ಮತ್ತು ಗೆಳೆಯರು ಅದನ್ನು ಕೈಗೆತ್ತಿಕೊಂಡರು. ಆಗ ಮೂರನೇ ನೆಪೋಲಿಯನ್ನನ ಆಳ್ವಿಕೆ. ಪತ್ರಿಕೆಗಳ ಬಾಯಿಗೆ ಬೀಗ. ಅನೇಕ ಕಥೋಲಿಕರಿಗೆ ಈ ಚಕ್ರವರ್ತಿ ಧರ್ಮರಕ್ಷಕನಂತೆ ಕಂಡಿದ್ದ. ಮೊಂತಲಾಂಬೆರರೂ 1851ರಲ್ಲಿ ಅವನನ್ನು ಬೆಂಬಲಿಸಿದ್ದರು. ಬಹಳ ಬೇಗ ಪಶ್ಚಾತ್ತಾಪಪಟ್ಟರು. ಇದನ್ನು ಮುಚ್ಚಿಡುವುದು ಸರಿಯಲ್ಲ.

1858ರ ಮೇ ತಿಂಗಳಲ್ಲಿ ಮೊಂತಲಾಂಬೆರ್ ಲಂಡನ್ನಿನಲ್ಲಿದ್ದರು. ನಮ್ಮಲ್ಲಿ ಸಿಪಾಯಿ ದಂಗೆಯ ಬೆಂಕಿ ಇನ್ನೂ ಆರಿರಲಿಲ್ಲ. ಅವಧ್ ಪ್ರಾಂತ್ಯದ ಭೂಮಿಯನ್ನು ಮುಟ್ಟುಗೋಲು ಹಾಕಿಕೊಳ್ಳುವುದಾಗಿ ಗವರ್ನರ್ ಜನರಲ್ ಘೋಷಿಸಿದ್ದರು. ಆ ಗವರ್ನರ್ ಜನರಲ್ ಚಾರ್ಲ್ಸ್ ಕ್ಯಾನಿಂಗ್, ಪತ್ರಿಕೆಗೆ ಧ್ಯೇಯವಾಕ್ಯ ಕೊಟ್ಟ ಅದೇ ಜಾರ್ಜ್ ಕ್ಯಾನಿಂಗರ ಮಗ! ಅವರ ಘೋಷಣೆಯನ್ನು ಲಂಡನ್ನಿನ ಮಂತ್ರಿ ಎಲೆನ್‌ಬರೋ ಖಂಡಿಸಿ ಬರೆದ ಪತ್ರ ಬಹಿರಂಗವಾಗಿ, ಅವರು ರಾಜೀನಾಮೆ ಕೊಡಬೇಕಾಯಿತು. ಪಾರ್ಲಿಮೆಂಟಿನಲ್ಲಿ ದಿನಗಟ್ಟಲೆ ಚರ್ಚೆ ನಡೆಯಿತು. ಆಳುವವರನ್ನು ಎದುರಿಗೇ ಪ್ರಶ್ನಿಸುವ ಆ ಸಭೆಯನ್ನು ಕಂಡು ಮೊಂತಲಾಂಬೆರ್ ಬೆರಗಾದರು. ‘ಇಂಗ್ಲಿಷ್ ಪಾರ್ಲಿಮೆಂಟಿನಲ್ಲಿ ಭಾರತದ ಬಗ್ಗೆ ಚರ್ಚೆ’ ಎಂಬ ಅವರ ಲೇಖನ 1858ರ ಅಕ್ಟೋಬರ್ 25ರ ಸಂಚಿಕೆಯಲ್ಲಿ ಅಚ್ಚಾಯಿತು. ಹೆಸರು ಭಾರತದ್ದು, ಹೊಗಳಿಕೆ ಇಂಗ್ಲೆಂಡಿನದು, ಪೆಟ್ಟು ಮಾತ್ರ ಪ್ಯಾರಿಸ್ಸಿಗೆ.

ಭಾರತೀಯನಾಗಿ ಒಂದು ಮಾತು ಹೇಳಲೇಬೇಕು. ಅವಧ್‌ನ ಭೂಮಿಯ ಬಗ್ಗೆ ವಾದ ಮಾಡಿದ ಆ ಸಭೆಯಲ್ಲಿ ಅವಧ್‌ನ ರೈತನ ಪರವಾಗಿ ನಿಲ್ಲಲು ಅವನ ಕಡೆಯವರು ಒಬ್ಬರೂ ಇರಲಿಲ್ಲ. ಅದೇ ಮೇ ತಿಂಗಳ ಕೊನೆಗೆ ನಮ್ಮ ನರಗುಂದದ ಬಾಬಾಸಾಹೇಬ ದಂಗೆಯೆದ್ದ. ಜೂನ್ 12ರಂದು ಬೆಳಗಾವಿಯಲ್ಲಿ ಅವನನ್ನು ಗಲ್ಲಿಗೇರಿಸಿದರು. ಮೊಂತಲಾಂಬೆರರು ಹಂಬಲಿಸಿದ ಸ್ವಾತಂತ್ರ್ಯ ನಮ್ಮವರ ಪಾಲಿಗೆ ಬಂದಿರಲಿಲ್ಲ. ಸತ್ಪುರುಷರ ಕಣ್ಣಿಗೂ ಕೆಲವು ಮೂಲೆಗಳು ಬೀಳುವುದಿಲ್ಲ.

ಚಕ್ರವರ್ತಿಗೆ ಇಶಾರೆ ಅರ್ಥವಾಯಿತು. ಲೇಖಕರ ಮೇಲೂ ಪ್ರಕಾಶಕರ ಮೇಲೂ ಮೊಕದ್ದಮೆ ಹೂಡಲಾಯಿತು. ನವೆಂಬರ್ 24ರಂದು ಮೊಂತಲಾಂಬೆರರಿಗೆ ಆರು ತಿಂಗಳ ಸೆರೆ, 3,000 ಫ್ರಾಂಕ್ ದಂಡ. ಡಿಸೆಂಬರ್ 2ರಂದು ಚಕ್ರವರ್ತಿ ಕ್ಷಮಾದಾನ ಘೋಷಿಸಿದ. ಅವರು ಒಪ್ಪಲಿಲ್ಲ! ತಪ್ಪು ಮಾಡದವನಿಗೆ ಕ್ಷಮೆ ಏಕೆ, ಮೇಲ್ಮನವಿ ನಡೆಯಲಿ ಎಂದರು. ಮೇಲಿನ ನ್ಯಾಯಾಲಯ ಸೆರೆಯನ್ನು ಮೂರು ತಿಂಗಳಿಗೆ ಇಳಿಸಿತು. ಚಕ್ರವರ್ತಿ ಅದನ್ನೂ ಮನ್ನಾ ಮಾಡಿದ.

ನೋವು ಹೊರಗಿನಿಂದ ಮಾತ್ರ ಬರಲಿಲ್ಲ. ಲೂಯಿ ವೊಯ್ಯೊ ಎಂಬ ಕಟ್ಟಾ ಕಥೋಲಿಕರ ‘ಲ್ಯುನಿವೇರ್’ ಪತ್ರಿಕೆ ಈ ಬಳಗವನ್ನು ಎಡೆಬಿಡದೆ ಜರೆಯಿತು. (ಅದೇ ಪತ್ರಿಕೆಯನ್ನು 1860ರಲ್ಲಿ ನೆಪೋಲಿಯನ್ನನೇ ಮುಚ್ಚಿಸಿದ, ಅದು ಬೇರೆ ಮಾತು.) 1863ರಲ್ಲಿ ಬೆಲ್ಜಿಯಮ್ಮಿನ ಮಾಲಿನ್ ನಗರದ ಸಮ್ಮೇಳನದಲ್ಲಿ ಮೊಂತಲಾಂಬೆರ್ ಸ್ವತಂತ್ರ ರಾಷ್ಟ್ರದಲ್ಲಿ ಸ್ವತಂತ್ರ ಧರ್ಮಸಭೆ ಇರಬೇಕೆಂದು ವಾದಿಸಿದರು. ಮರುವರ್ಷ ಡಿಸೆಂಬರ್ 8ರಂದು ಒಂಬತ್ತನೇ ಭಕ್ತಿನಾಥರು ‘ಸಿಲಬಸ್’ ಎಂಬ ತಪ್ಪು ಬೋಧನೆಗಳ ಪಟ್ಟಿಯನ್ನು ಹೊರಡಿಸಿದಾಗ ಈ ಬಳಗಕ್ಕೆ ಸಿಡಿಲು ಬಡಿದಂತಾಯಿತು. ಬಳಗದ ಹಿತೈಷಿ, ಓರ್ಲಿಯನ್ಸಿನ ಧರ್ಮಾಧ್ಯಕ್ಷ ದ್ಯುಪಾನ್ಲೂ, ಆ ಪಟ್ಟಿಯನ್ನು ಹೇಗೆ ಓದಬೇಕೆಂದು ಕಿರುಪುಸ್ತಕ ಬರೆದರು. ಆರುನೂರಕ್ಕೂ ಹೆಚ್ಚು ಧರ್ಮಾಧ್ಯಕ್ಷರು ಅವರಿಗೆ ಮೆಚ್ಚುಗೆಯ ಪತ್ರ ಬರೆದರು. ಧಾರ್ಮಿಕ ಸ್ವಾತಂತ್ರ್ಯ ಮಾನವನ ಘನತೆಗೆ ಸೇರಿದ ಹಕ್ಕೆಂದು ಎರಡನೇ ವ್ಯಾಟಿಕನ್ ಮಹಾಸಭೆ ಸಾರಿದ್ದು 1965ರ ಡಿಸೆಂಬರ್ 7ರಂದು, ಮಾಲಿನ್ ಭಾಷಣಕ್ಕೆ ನೂರೆರಡು ವರ್ಷ ಕಳೆದ ಮೇಲೆ.

ಮೊಂತಲಾಂಬೆರ್ ಅದನ್ನು ಕಾಣಲಿಲ್ಲ. 1870ರ ಮಾರ್ಚ್ 13ರಂದು, ಮೊದಲ ವ್ಯಾಟಿಕನ್ ಮಹಾಸಭೆ ನಡೆಯುತ್ತಿದ್ದಾಗಲೇ, ಅವರು ತೀರಿಕೊಂಡರು. ಕೆಲವೇ ದಿನಗಳ ಹಿಂದೆ ಅವರ ಕಟುವಾದ ಪತ್ರವೊಂದು ಪ್ರಕಟವಾಗಿ ಜಗದ್ಗುರುಗಳ ಮನಸ್ಸು ನೊಂದಿತ್ತು. ರೋಮಿನ ಆರಾಚೇಲಿ ದೇವಾಲಯದಲ್ಲಿ ಗೆಳೆಯರು ಏರ್ಪಡಿಸಿದ್ದ ಸ್ಮರಣಾರ್ಥ ಬಲಿಪೂಜೆಗೆ ಅನುಮತಿ ಸಿಗಲಿಲ್ಲ. ಬಳಿಕ ಒಂಬತ್ತನೇ ಭಕ್ತಿನಾಥರೇ ಟ್ರಾಸ್ಪೊಂತಿನ ದೇವಾಲಯದಲ್ಲಿ ಅವರ ಆತ್ಮಶಾಂತಿಗಾಗಿ ಬಲಿಪೂಜೆ ನಡೆಸಲು ಅಪ್ಪಣೆ ಮಾಡಿದರು. ಅದಕ್ಕೆ ಸದ್ದಿಲ್ಲದೆ ತಾವೂ ಬಂದು ಕುಳಿತರು.