ಮಲ್ಲಿಗೆ, ಜಾಜಿ ಮತ್ತು ಕಾಕಡ ಗಿಡಗಳ ಸವರುವಿಕೆ: ಸೂಕ್ತ ಕಾಲ ಮತ್ತು ಕ್ರಮ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಹಾಗೂ ಹೆಗ್ಗಡದೇವನಕೋಟೆ ತಾಲ್ಲೂಕುಗಳ ಹೂ ಬೆಳೆಗಾರರು ನೀರು, ಗೊಬ್ಬರಕ್ಕೆ ನೀಡುವಷ್ಟು ಗಮನವನ್ನು ಸವರುವಿಕೆಗೆ ನೀಡುವುದು ವಿರಳ. ಇದಕ್ಕೆ ಕಾರಣವೂ ಉಂಟು. ದುಂಡು ಮಲ್ಲಿಗೆಯನ್ನು ಸವರಬೇಕಾದ ನವೆಂಬರ್ ಕೊನೆಯ ವಾರವು ಈ ಭಾಗದಲ್ಲಿ ತಂಬಾಕಿನ ಹರಾಜು ಮತ್ತು ನಾಲೆ ಬಯಲಿನ ಭತ್ತದ ಕೊಯ್ಲಿನ ಕಾಲ. ಕೂಲಿಯಾಳು ದೊರೆಯದೆ ಕೆಲಸ ಜನವರಿಗೆ ಜಾರುತ್ತದೆ. ಆಗ ಯುಗಾದಿ ಮತ್ತು ಮದುವೆಗಳ ಕಾಲದ ಹೂವು ಕೈತಪ್ಪಿ, ಹೂವಿನ ಹೆಚ್ಚಿನ ಪಾಲು ಮಳೆಗಾಲಕ್ಕೆ ಸಿಲುಕುತ್ತದೆ. ನೆನೆದ ಮೊಗ್ಗಿಗೆ ಬೆಲೆಯಿಲ್ಲ.

ಮಲ್ಲಿಗೆ ಜಾತಿಯ ಗಿಡಗಳು ಹೊಸ ಚಿಗುರಿನಲ್ಲಿಯೇ ಮೊಗ್ಗು ಬಿಡುತ್ತವೆ. ಆದ್ದರಿಂದ ಹಳೆಯ ರೆಂಬೆಗಳನ್ನು ಕತ್ತರಿಸಲು ಹಿಂಜರಿಯಬೇಕಿಲ್ಲ. ನೆರೆಯ ಕೊಡಗಿನ ಮನೆಯಂಗಳಗಳಲ್ಲಿ ಬೆಳೆಸುವ ದೊಡ್ಡೆಲೆಯ ಹೈಡ್ರೇಂಜಿಯ ಹಾಗಲ್ಲ. ಅದರ ಹೂಮೊಗ್ಗು ಬಹುಮಟ್ಟಿಗೆ ಹಿಂದಿನ ವರ್ಷದ ರೆಂಬೆಯಲ್ಲಿ ಅಡಗಿರುತ್ತದೆ. ಅದನ್ನು ಮಲ್ಲಿಗೆಯಂತೆ ಬುಡದವರೆಗೆ ಸವರಿದರೆ ಆ ವರ್ಷ ಎಲೆಯಷ್ಟೇ ಉಳಿಯುತ್ತದೆ.

ಸಸ್ಯಶಾಸ್ತ್ರದಲ್ಲಿ ಜಾಸ್ಮಿನಮ್ ಸಂಬಾಕ್ ಎನಿಸಿದ ದುಂಡು ಮಲ್ಲಿಗೆಯನ್ನು ನವೆಂಬರ್ ಕೊನೆಯ ವಾರದಲ್ಲಿ ನೆಲದಿಂದ 45 ರಿಂದ 50 ಸೆಂ.ಮೀ. ಎತ್ತರಕ್ಕೆ ಸವರಬೇಕು. ಮಾರ್ಚ್ ವೇಳೆಗೆ ಹೂ ಆರಂಭವಾಗುತ್ತದೆ. ಜಾಜಿಗೆ ಡಿಸೆಂಬರ್ ಕೊನೆಯ ವಾರ ಮತ್ತು ಸೂಜಿ ಮಲ್ಲಿಗೆಗೆ ಜನವರಿ ಕೊನೆಯ ವಾರ ಸೂಕ್ತ. ಎರಡಕ್ಕೂ 45 ಸೆಂ.ಮೀ. ಎತ್ತರ ಸಾಕು. ಕಾಕಡವನ್ನು ಈ ಸಾಲಿಗೆ ಸೇರಿಸಬಾರದು. ಬೇರೆ ಮಲ್ಲಿಗೆ ಇಲ್ಲದ ಚಳಿಗಾಲದಲ್ಲಿಯೂ ಹೂ ಕೊಡುವುದೇ ಅದರ ಗುಣ. ದುಂಡು ಮಲ್ಲಿಗೆಯ ಜೊತೆಗೇ ಅದನ್ನೂ ಕತ್ತರಿಸಿದರೆ ಉತ್ತಮ ಬೆಲೆಯ ಹೂವನ್ನು ಕೈಯಾರೆ ಕಳೆದುಕೊಂಡಂತೆ. ಚಳಿಗಾಲದ ಹೂ ಮುಗಿದ ನಂತರ ಹಗುರವಾಗಿ ಸವರಿದರೆ ಸಾಕು.

ಆಳುಗಳ ಕೊರತೆಯಿದ್ದಲ್ಲಿ ಇಡೀ ತೋಟವನ್ನು ತಡವಾಗಿ ಸವರುವುದಕ್ಕಿಂತ, ಅರ್ಧ ತೋಟವನ್ನು ಸಕಾಲದಲ್ಲಿ ಮುಗಿಸಿ ಉಳಿದುದನ್ನು ಎರಡು ವಾರಗಳ ನಂತರ ಕೈಗೊಳ್ಳುವುದು ಲೇಸು. ಕೊಯ್ಲೂ ಹಂತಹಂತವಾಗಿ ಬರುವುದರಿಂದ, ಬೆಳಗಿನ ಜಾವ ಮೊಗ್ಗು ಬಿಡಿಸುವ ಮನೆಮಂದಿಗೂ ಅನುಕೂಲ.

ಸವರುವುದಕ್ಕೆ 10 ರಿಂದ 15 ದಿನ ಮೊದಲು ನೀರು ನಿಲ್ಲಿಸಬೇಕು. ಹಿಂಗಾರು ಮಳೆಯಿಂದ ಮಣ್ಣು ಇನ್ನೂ ಹಸಿಯಾಗಿದ್ದರೆ ಒಂದು ವಾರ ಕಾಯಬಹುದು, ಅದಕ್ಕಿಂತ ಹೆಚ್ಚು ಬೇಡ. ಮೊದಲು ಒಣಗಿದ, ರೋಗ ತಗುಲಿದ ಮತ್ತು ಒಂದಕ್ಕೊಂದು ಹೆಣೆದುಕೊಂಡ ರೆಂಬೆಗಳನ್ನು ಬುಡದಿಂದಲೇ ತೆಗೆದು, ಬಳಿಕ ಉಳಿದವನ್ನು ಸಮ ಎತ್ತರಕ್ಕೆ ತರಬೇಕು. ಮಚ್ಚಿನಿಂದ ಕೊಚ್ಚುವ ರೂಢಿ ಒಳ್ಳೆಯದಲ್ಲ. ಸೀಳಿದ ರೆಂಬೆಯ ಮೂಲಕ ಶಿಲೀಂಧ್ರ ಒಳಸೇರುತ್ತದೆ. ಹರಿತವಾದ ಸವರುವ ಕತ್ತರಿಯಿಂದ ಓರೆಯಾಗಿ ಕತ್ತರಿಸಬೇಕು. ನೆಟ್ಟ ಮೊದಲ ವರ್ಷದ ಗಿಡಗಳಿಗೆ ಇಂತಹ ಸವರುವಿಕೆ ಬೇಡ, ಕುಡಿ ಚಿವುಟಿದರೆ ಸಾಕು.

ದಪ್ಪ ರೆಂಬೆಗಳ ಗಾಯಕ್ಕೆ ಅದೇ ದಿನ ಬೋರ್ಡೋ ಮುಲಾಮು ಹಚ್ಚಬೇಕು. 1 ಕೆ.ಜಿ. ಮೈಲುತುತ್ತ ಮತ್ತು 1 ಕೆ.ಜಿ. ಸುಣ್ಣವನ್ನು ಬೇರೆ ಬೇರೆ ಪ್ಲಾಸ್ಟಿಕ್ ಪಾತ್ರೆಗಳಲ್ಲಿ ತಲಾ 5 ಲೀಟರ್ ನೀರಿನಲ್ಲಿ ಕರಗಿಸಿ, ನಂತರ ಕಲಸಬೇಕು. ಕಬ್ಬಿಣದ ಪಾತ್ರೆ ಸಲ್ಲದು. ಸಿದ್ಧವಾದ ಮುಲಾಮಿನಲ್ಲಿ ಉಜ್ಜಿದ ಕುಡುಗೋಲಿನ ಅಂಚನ್ನು ಕೆಲವು ನಿಮಿಷ ಅದ್ದಿ ನೋಡಿ. ತಾಮ್ರದ ಬಣ್ಣ ಕೂತರೆ ಇನ್ನಷ್ಟು ಸುಣ್ಣ ಬೇಕೆಂದು ತಿಳಿಯಬೇಕು.

ಕತ್ತರಿಸಿದ ಸೊಪ್ಪು, ರೆಂಬೆಗಳನ್ನು ಸಾಲುಗಳ ನಡುವೆ ಬಿಡದೆ ಹೊರಸಾಗಿಸಿ. ರೋಗ ತಗುಲಿದುದನ್ನು ಸುಡುವುದೇ ಸರಿ. ಬುಡದ ಮಣ್ಣು ಸಡಿಲಿಸಿ, ಗಿಡವೊಂದಕ್ಕೆ 10 ಕೆ.ಜಿ. ಕೊಟ್ಟಿಗೆ ಗೊಬ್ಬರ ಕೊಟ್ಟು ನೀರು ಹಾಯಿಸಬೇಕು. ರಾಸಾಯನಿಕ ಗೊಬ್ಬರವನ್ನು ಮಣ್ಣು ಪರೀಕ್ಷೆಯ ವರದಿಯಂತೆ ಅರ್ಧದಷ್ಟು ಈಗ, ಉಳಿದರ್ಧವನ್ನು ಜೂನ್-ಜುಲೈನಲ್ಲಿ ಕೊಡಬಹುದು.

ಕಾಕನಕೋಟೆಯ ಕಾಡಂಚಿನ ಹಳ್ಳಿಗಳವರು ಕತ್ತರಿ ಹಿಡಿಯುವ ಮುನ್ನವೇ ಬೇಲಿಯನ್ನು ಸರಿಪಡಿಸಿಕೊಳ್ಳಬೇಕು. ಬೇಸಿಗೆಗೆ ಮುನ್ನ ಒಡೆಯುವ ಎಳೆ ಚಿಗುರು ಜಿಂಕೆಯ ಬಾಯಿಗೆ ಬಿದ್ದರೆ ಆ ಸಾಲಿನ ಹೂವು ಅಷ್ಟರಮಟ್ಟಿಗೆ ಹೋದಂತೆಯೇ.